ತಪ್ಪು ಜೇಬಿನ ಚೀಟಿ ಮತ್ತು ಒಂಬತ್ತನೇ ಬೆಂಚು

1986ರಲ್ಲಿ ನಾನು ಓದು ನಿಲ್ಲಿಸಿದೆ. ತಲಘಟ್ಟಪುರದ ಸ್ಕೂಲು, ಏಳನೇ ಕ್ಲಾಸು. ಬಡತನ ಅದೂ ಇದೂ ಅಂದುಕೊಂಡು ನೀವು ಈಗಲೇ ಮುಖ ಬಾಡಿಸಿಕೊಳ್ಳಬೇಡಿ. ಬಡತನ ಇತ್ತು, ಆದರೆ ಅದು ಎಲ್ಲರ ಮನೆಯಲ್ಲೂ ಇತ್ತು, ಅವರೆಲ್ಲ ಓದುತ್ತಲೇ ಇದ್ದರು. ನಾನು ಬಿಟ್ಟದ್ದು ಕಲ್ಪನೆ ಇಲ್ಲದ್ದಕ್ಕೆ.

ಕನ್ನಡ ಪರೀಕ್ಷೆಯಲ್ಲಿ ‘ನೀವು ಮಾಡಿದ ಒಂದು ಪ್ರವಾಸ’ದ ಬಗ್ಗೆ ಒಂದು ಪುಟ ಬರೆಯಿರಿ ಎಂದು ಕೇಳಿದ್ದರು. ನಾನು ಬಹಳ ಹೊತ್ತು ಯೋಚಿಸಿದೆ. ಕೊನೆಗೆ ‘ನಾನು ಯಾವ ಪ್ರವಾಸವನ್ನೂ ಮಾಡಿಲ್ಲ’ ಎಂದು ದುಂಡಗೆ ಬರೆದು, ಕೆಳಗೆ ಒಂದು ಗೆರೆ ಎಳೆದು, ಪೆನ್ನಿಗೆ ಕ್ಯಾಪ್ ಹಾಕಿ ಕೂತೆ. ಪಕ್ಕದಲ್ಲಿ ಪುಟ್ಟಸ್ವಾಮಿ ಸಮುದ್ರಕ್ಕೆ ಹೋಗಿಬಂದದ್ದನ್ನು ಬರೆಯುತ್ತಿದ್ದ. ಅವನು ಅಲ್ಲಿಯತನಕ ಕಂಡಿದ್ದ ದೊಡ್ಡ ನೀರೆಂದರೆ ನಮ್ಮೂರ ಕೆರೆ. ಹಾಗಾಗಿ ಅವನ ಸಮುದ್ರದ ದಡದಲ್ಲಿ ಎಮ್ಮೆಗಳ ಮೈ ತೊಳೆಯುತ್ತಿದ್ದರು, ಆಚೆ ದಡದಿಂದ ಯಾರೋ ಅವನ ಹೆಸರು ಹಿಡಿದು ಕೂಗುತ್ತಲೂ ಇದ್ದರು. ಅವನಿಗೆ ಹತ್ತಕ್ಕೆ ಎಂಟು ಬಂತು. ನನಗೆ ಸೊನ್ನೆ.

“ಕಲ್ಪನೆ ಮಾಡ್ಕೊಂಡ್ ಬರೀಬೇಕು ಕಣೋ ಮುನಿರಾಜ,” ಎಂದರು ಮೇಷ್ಟ್ರು.

“ನಾನ್ ಎಲ್ಲೂ ಹೋಗಿಲ್ವಲ್ಲ ಸಾರ್?”

“ಹೋಗಿದ್ದಿದ್ರೆ ಕಲ್ಪನೆ ಯಾಕೋ ಬೇಕಿತ್ತು?”

ಆ ವರ್ಷ ಫೇಲಾದೆ. ಅಪ್ಪನ ಜೊತೆ ಬಟ್ಟೆಗಂಟು ಹೊರಲು ನಿಂತೆ.

ಇದೆಲ್ಲ ಈಗ ನೆನಪಾದದ್ದು ಒಂದು ಬಿಸ್ಕತ್ ಡಬ್ಬದಿಂದ. ನನ್ನದು ಇಸ್ತ್ರಿ ಕೆಲಸ. ಯಡಿಯೂರು ಕಡೆಯಿಂದ ಜಯನಗರಕ್ಕೆ ಬರುವ ಒಂದು ಅಡ್ಡರಸ್ತೆಯಲ್ಲಿ, ಹೊಂಗೆಮರದ ಕೆಳಗೆ, ಮೂವತ್ತು ವರ್ಷದಿಂದ ನನ್ನ ಗಾಡಿ ನಿಂತಿದೆ. ಮನೆ ಉತ್ತರಹಳ್ಳಿ. ದಿನಾ ಬೆಳಗ್ಗೆ ಮೊಪೆಡ್ಡಿನಲ್ಲಿ ಬರುತ್ತೇನೆ. ಗಾಡಿಯ ಕೆಳಗಿನ ಅರೆಯಲ್ಲಿ ಆ ಡಬ್ಬ ಇರುತ್ತದೆ. ಇಸ್ತ್ರಿ ಮಾಡುವವನು ಬಟ್ಟೆ ಹರವುವ ಮೊದಲು ಜೇಬು ತಡಕಬೇಕು. ಇದು ನಮ್ಮ ಕಸುಬಿನ ಮೊದಲನೇ ಪಾಠ. ಸಿಕ್ಕಿದ್ದು ಡಬ್ಬದ ಮುಚ್ಚಳಕ್ಕೆ, ಬಟ್ಟೆ ಮಡಿಸಿದ ಮೇಲೆ ಮತ್ತೆ ಅದೇ ಜೇಬಿಗೆ. ಬಸ್ ಟಿಕೆಟ್ಟು, ಮಾತ್ರೆ, ಒಂಟಿ ಓಲೆ, ದೇವಸ್ಥಾನದ ಕುಂಕುಮದ ಪೊಟ್ಟಣ, ಒಂದು ಸಲ ಮೇಲ್ದವಡೆಯ ಹಲ್ಲಿನ ಸೆಟ್ಟು. ಮೂವತ್ತು ವರ್ಷದಲ್ಲಿ ಒಂದೇ ಒಂದು ಸಾಮಾನು ತಪ್ಪು ಜೇಬಿಗೆ ಹೋಗಿಲ್ಲ ಎಂದು ನಾನು ಎದೆ ತಟ್ಟಿ ಹೇಳಿಕೊಂಡು ಬಂದವನು. ಎಸ್ಸೆಸ್ಸೆಲ್ಸಿ ಪಾಸಾದವರು ಗೋಡೆಗೆ ಸರ್ಟಿಫಿಕೇಟು ತೂಗುಹಾಕುತ್ತಾರೆ. ನಾನು ಈ ಮಾತನ್ನು ತೂಗುಹಾಕಿದ್ದೆ. ಹೊಸ ಗಿರಾಕಿ ಬಂದರೆ ರೇಟು ಹೇಳುವ ಮೊದಲು ಇದನ್ನೇ ಹೇಳುತ್ತಿದ್ದೆ.

ನಮ್ಮಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಗುರುತು ಬರುತ್ತಿತ್ತು. ಕರಿಗೇರು ಕಾಯಿಗೆ ಸೂಜಿ ಚುಚ್ಚಿ, ಅದರ ರಸದಲ್ಲಿ ಕಾಲರಿನ ಒಳಗೆ ಗುರುತು ಹಾಕುತ್ತಿದ್ದ. ಒಂದು ಮನೆಗೆ ಒಂದು ಚುಕ್ಕಿ, ಇನ್ನೊಂದು ಮನೆಗೆ ಚುಕ್ಕಿಯ ಕೆಳಗೆ ಗೆರೆ, ಶ್ಯಾನುಭೋಗರ ಮನೆಗೆ ಮೂರು ಚುಕ್ಕಿ ಒಂದು ಕೊಕ್ಕೆ. ಬಟ್ಟೆ ಹರಿದು ಚಿಂದಿಯಾದರೂ ಆ ಗುರುತು ಹೋಗುತ್ತಿರಲಿಲ್ಲ. ನಾನು ಸ್ಕೂಲಲ್ಲಿ ಅ ಆ ಕಲಿಯುವ ಮೊದಲೇ ಈ ಚುಕ್ಕಿ ಗೆರೆ ಕಲಿತಿದ್ದೆ. ಇವತ್ತಿಗೂ ಎಲ್ಲಿ ಏನು ಕಂಡರೂ ನನ್ನ ಕಣ್ಣು ಮೊದಲು ಹೋಗುವುದು ಅದರ ಮೂಲೆಯಲ್ಲಿ ಏನಾದರೂ ಗುರುತಿದೆಯೇ ಎಂದು. ಮದುವೆಮನೆಗೆ ಹೋದರೆ ಕುರ್ಚಿಯ ಹಿಂದೆ ಬರೆದ ಶಾಮಿಯಾನದವನ ಹೆಸರು ಓದುತ್ತಾ ನಿಲ್ಲುತ್ತೇನೆ, ಗಂಡು ಹೆಣ್ಣಿನ ಹೆಸರು ಆಮೇಲೆ. ಇದು ಸ್ವಲ್ಪ ಕೆಟ್ಟ ಅಭ್ಯಾಸವೇ. ಇರಲಿ, ಮುಂದೆ ಇದೇ ನನ್ನ ಕೈ ಹಿಡಿಯಿತು.

ಪತ್ರಕರ್ತರ ವಿಷಯಕ್ಕೆ ಬರುತ್ತೇನೆ. ಪ್ರಸನ್ನ ಎಂಬುವರು ನಮ್ಮ ಗಾಡಿಯ ಎದುರಿನ ಮನೆಯ ಮಹಡಿಯ ಒಂಟಿ ರೂಮಿಗೆ ಬಂದು ಮೂರು ವರ್ಷವಾಯಿತು. ಒಂದು ಪತ್ರಿಕೆಯ ವರದಿಗಾರರು. ಯಾವ ಪತ್ರಿಕೆ ಎಂದು ಹೇಳುವುದಿಲ್ಲ, ಹೇಳಿದರೆ ಬಟ್ಟೆ ಕೊಡುವುದು ನಿಲ್ಲಿಸಿಯಾರು. ನಮ್ಮ ಕಡೆಯ ಮೋರಿ, ನಾಯಿ, ನಲ್ಲಿ, ಟ್ರಾಫಿಕ್ಕು ಎಲ್ಲ ಅವರ ಪಾಲಿಗೆ ಬಿಟ್ಟದ್ದು. ಒಳ್ಳೆಯ ಮನುಷ್ಯ. ಅವರ ಶರ್ಟಿನ ಜೇಬು ಮಾತ್ರ ಕಸದ ಬುಟ್ಟಿ. ಹೋಟೆಲ್ ಬಿಲ್ಲು, ಮೆಡಿಕಲ್ ಶಾಪಿನ ಕವರು, ಪೆಟ್ರೋಲ್ ಚೀಟಿ, ಯಾವುದು ಸಿಕ್ಕರೆ ಅದರ ಹಿಂದೆ ಸುದ್ದಿ ಗುರುತು ಹಾಕಿಕೊಳ್ಳುತ್ತಾರೆ. ಅದೂ ಅರ್ಧ ಸಲ ಅವರ ಕೈಬರಹವಲ್ಲ. “ಅಂಕಲ್, ನಿಮ್ ಪ್ರಾಬ್ಲಂ ನೀವೇ ಚುಟುಕಾಗಿ ಬರ್ಕೊಡಿ” ಎಂದು ಎದುರಿದ್ದವರ ಕೈಗೇ ಕಾಗದ ಕೊಟ್ಟುಬಿಡುತ್ತಾರೆ. ಹಾಗಾಗಿ ಒಂದು ಜೇಬಿನಲ್ಲಿ ಇಪ್ಪತ್ತು ಜನರ ಅಕ್ಷರ.

ನನ್ನ ಗಾಡಿಯ ಒಂದು ಸೌಕರ್ಯ ಕೇಳಿ. ಇಸ್ತ್ರಿಯಾದ ಬಟ್ಟೆ ಸುತ್ತಲು ಸುತ್ತಲಿನ ಮನೆಯವರು ಹಳೇ ಪೇಪರು ಕೊಡುತ್ತಾರೆ. ಅಂದರೆ, ಸುದ್ದಿಯ ಚೀಟಿ ಜೇಬಿನಿಂದ ಮೊದಲು ನನ್ನ ಕೈಗೆ ಬರುತ್ತದೆ. ಅದು ಅಚ್ಚಾದ ಮೇಲೆ ತಿಂಗಳು ಬಿಟ್ಟು ಪೇಪರಾಗಿ ಮತ್ತೆ ನನ್ನ ಕೈಗೇ ಬರುತ್ತದೆ. ಕೆರೆಗೆ ನೀರು ಬರುವ ಕಾಲುವೆಯ ಹತ್ತಿರವೂ ನಾನೇ, ಕೋಡಿ ಬೀಳುವ ಹತ್ತಿರವೂ ನಾನೇ. ನಡುವೆ ಎಷ್ಟು ನೀರು ಸೇರಿಕೊಂಡಿತು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಒಂದು ಚೀಟಿಯಲ್ಲಿ ಇದ್ದದ್ದು ಇಷ್ಟೇ: ‘ಮೋರಿ. ವಾಸನೆ. ಅಜ್ಜಿ ಬೈದ್ರು.’ ಪೇಪರಿನಲ್ಲಿ ಬಂದಾಗ ಅಜ್ಜಿಯರು ನಾಲ್ವರಾಗಿದ್ದರು. ನಾಲ್ವರೂ ಒಂದು ಕೈಯಲ್ಲಿ ಮೂಗು ಮುಚ್ಚಿಕೊಂಡು ಇನ್ನೊಂದು ಕೈಯಲ್ಲಿ ಮೊಮ್ಮಕ್ಕಳನ್ನು ಆಡಿಸುವ ದುರ್ಗತಿಗೆ ಇಳಿದಿದ್ದರು. ಒಬ್ಬ ಅಜ್ಜಿಗಂತೂ ಮೋರಿ ನೋಡಿ ಬಾಲ್ಯದ ಹೊಳೆ ನೆನಪಾಗಿ ಗಂಟಲು ಕಟ್ಟಿತ್ತು.

ನನ್ನನ್ನೂ ಬಿಟ್ಟಿಲ್ಲ. ಏಪ್ರಿಲ್ಲಿನಲ್ಲಿ ಒಂದು ದಿನ ಗಾಡಿ ಹತ್ತಿರ ಬಂದು “ಏನಣ್ಣ ಈ ಬಿಸಿಲು!” ಎಂದರು. ನಾನು “ಹೂಂ ಸಾರ್” ಎಂದೆ. ಪೇಪರಿನಲ್ಲಿ ಓದಿಕೊಳ್ಳಿ: ‘“ಇಂಥ ಬಿಸಿಲನ್ನು ನನ್ನ ಜೀವಮಾನದಲ್ಲೇ ಕಂಡಿಲ್ಲ. ಈ ಬೇಗೆಯ ಮುಂದೆ ನನ್ನ ಇಸ್ತ್ರಿ ಪೆಟ್ಟಿಗೆಯೇ ತಂಪೆನಿಸುತ್ತಿದೆ” ಎಂದು ಶ್ರಮಜೀವಿ ಮುನಿರಾಜು ಅಳಲು ತೋಡಿಕೊಂಡರು.’

ಇದನ್ನು ನನ್ನ ಹೆಂಡತಿ ಜಯಮ್ಮನಿಗೆ ಓದಿ ಹೇಳಿದೆ. ಅವಳು ಬಟ್ಟೆ ಮಡಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. “ನನ್ ಹತ್ರ ಇಷ್ಟು ವರ್ಷದಿಂದ ‘ಹೂಂ’ ಬಿಟ್ರೆ ಇನ್ನೊಂದು ಮಾತಿಲ್ಲ. ಅವ್ರ ಹತ್ರ ಹೋಗಿ ಅಳಲು ಬೇರೆ ತೋಡ್ಕೊಂಡ್ರಾ?”

“ನಾನೂ ‘ಹೂಂ’ ಅಂತಲೇ ಅಂದಿದ್ದು ಕಣೇ.”

“ಹಂಗಾದ್ರೆ ನಿಮ್ ‘ಹೂಂ’ನಲ್ಲಿ ಇಷ್ಟೆಲ್ಲ ಇರುತ್ತೆ ಅಂತಾಯ್ತು. ನಾನೇ ದಡ್ಡಿ, ಬಿಡಿಸಿ ಓದ್ಲಿಲ್ಲ.”

ನನಗೆ ಕುತೂಹಲ ತಡೆಯಲಿಲ್ಲ. ಒಂದು ದಿನ ಪ್ರಸನ್ನ ಬಟ್ಟೆ ಒಯ್ಯಲು ಬಂದಾಗ ಕೇಳಿಯೇಬಿಟ್ಟೆ. “ಸಾರ್, ತಪ್ಪು ತಿಳೀಬೇಡಿ. ಈ ಕಲ್ಪನೆ ನಿಮಗೆ ಎಲ್ಲಿಂದ ಬರುತ್ತೆ?”

ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಗಾಡಿಗೆ ಒರಗಿ ನಿಂತರು. “ಸಾಯಂಕಾಲ ಆರು ಗಂಟೆಗೆ ಪೇಜಲ್ಲಿ ಇಷ್ಟಗಲ ಜಾಗ ಖಾಲಿ ಇರುತ್ತೆ ಅಣ್ಣ. ‘ತುಂಬ್ಸಪ್ಪ’ ಅಂತಾರೆ ಎಡಿಟ್ರು. ಆ ಖಾಲಿ ನೋಡಿದ್ರೆ ಭಯ ಆಗುತ್ತೆ. ಭಯ ಆದ್ರೆ ಬರುತ್ತೆ.”

“ಭಯಕ್ಕೆ ಬೆವರು ಬರುತ್ತೆ ಸಾರ್. ಅಜ್ಜಿಯರು ಬರಲ್ಲ.”

“ನಗಿ ನಗಿ. ಒಂದಿನ ನಿಮಗೂ ಬರುತ್ತೆ.”

ನಾನು ನಕ್ಕೆ. ಅಕ್ಷರ ಕಲಿತವರ ತಮಾಷೆ ಎಂದುಕೊಂಡೆ. ನನ್ನ ಕಸುಬಿನಲ್ಲಿ ಖಾಲಿ ಜಾಗವೇ ಇಲ್ಲ ನೋಡಿ, ಶರ್ಟು ಎಂದರೆ ಶರ್ಟು, ಸುಕ್ಕು ಎಂದರೆ ಸುಕ್ಕು.

ಅಷ್ಟರಲ್ಲಿ ಒಂದು ಎಡವಟ್ಟಾಯಿತು. ಆ ಮೋರಿಯ ಅಜ್ಜಿ ಮೊಮ್ಮಗನ ಕೈಯಲ್ಲಿ ಆಫೀಸಿಗೆ ಫೋನು ಮಾಡಿಸಿ, ಉಳಿದ ಮೂವರು ಅಜ್ಜಿಯರು ಯಾರು, ನಮ್ಮ ಬೀದಿಯಲ್ಲಿ ಇರುವವಳು ನಾನೊಬ್ಬಳೇ ಎಂದು ಜಗಳ ತೆಗೆದಿದ್ದಳು. ಎಡಿಟರು ಪ್ರಸನ್ನನನ್ನು ಕರೆದು, ಇನ್ನೊಂದು ಸಲ ಇಲ್ಲದ್ದನ್ನು ಬರೆದರೆ ಬೇರೆ ಕೆಲಸ ನೋಡಿಕೋ ಎಂದರಂತೆ. ಸಂಜೆ ಬಂದವರ ಮುಖ ಒಗೆದು ಹಿಂಡಿದ ಬಟ್ಟೆಯ ಹಾಗಿತ್ತು. “ಇನ್ಮೇಲೆ ಆಣೆ ಅಣ್ಣ. ಚೀಟಿಯಲ್ಲಿ ಇದ್ದದ್ದು ಬರೀತೀನಿ. ಇಲ್ಲದ್ದು ಒಂದು ಅಕ್ಷರ ಬರಿಯಲ್ಲ.” ತಂಗಿಯ ಮದುವೆ ಮಾತುಕತೆ ನಡೆಯುತ್ತಿದೆ, ಈಗ ಕೆಲಸ ಹೋದರೆ ಗಂಡಿನ ಕಡೆಯವರಿಗೆ ಏನು ಹೇಳಲಿ ಎಂದರು. ನಾನು ನನ್ನ ಸರ್ಟಿಫಿಕೇಟು ತೆಗೆದೆ. “ಚೀಟಿ ವಿಷಯದಲ್ಲಿ ನೀವು ನಿಶ್ಚಿಂತೆಯಾಗಿರಿ ಸಾರ್. ನನ್ನ ಕೈಯಿಂದ ಚೀಟಿ ಆ ಕಡೆ ಈ ಕಡೆ ಆಗಲ್ಲ.”

ದೇವರು ಎಲ್ಲೋ ಹತ್ತಿರದಲ್ಲೇ ಬಟ್ಟೆ ಒಣಹಾಕುತ್ತಿದ್ದ, ಕೇಳಿಸಿಕೊಂಡ.

ನಮ್ಮ ಗಿರಾಕಿಗಳಲ್ಲಿ ಶಾಮಣ್ಣನವರು ಎಂದು ಒಬ್ಬರಿದ್ದಾರೆ. ರಿಟೈರ್ಡ್ ಲೆಕ್ಕದ ಮೇಷ್ಟ್ರು. ಬಿಳೀ ಅರ್ಧತೋಳಿನ ಶರ್ಟು ಬಿಟ್ಟು ಬೇರೆ ತೊಡುವವರಲ್ಲ. ಗೋಡೆ ಕ್ಯಾಲೆಂಡರಿನ ಹಳೇ ಹಾಳೆಯನ್ನು ಕತ್ತರಿಯಲ್ಲಿ ಚೌಕವಾಗಿ ಕತ್ತರಿಸಿಟ್ಟುಕೊಂಡು, ಮನಸ್ಸಿಗೆ ಬಂದದ್ದನ್ನೆಲ್ಲ ಅದರ ಹಿಂದೆ ಬರೆಯುವುದು ಅವರ ರೂಢಿ. ಅವರ ಸ್ನೇಹಿತರು ರಾಮರಾಯರು, ರಿಟೈರ್ಡ್ ಬ್ಯಾಂಕ್ ಕ್ಯಾಷಿಯರು. ಇಬ್ಬರೂ ದಿನಾ ಬೆಳಗ್ಗೆ ಪಕ್ಕದ ಪಾರ್ಕಿನಲ್ಲಿ ಸುತ್ತು ಹಾಕುತ್ತಾರೆ, ಆಮೇಲೆ ನನ್ನ ಗಾಡಿಯ ಮುಂದೆ ನಿಂತು ಊರಿನ ತಪ್ಪೊಪ್ಪು ಮಾತಾಡುತ್ತಾರೆ. ಆ ವಾರ ಮಾತ್ರ ಶಾಮಣ್ಣನವರು ಒಬ್ಬರೇ ಬರುತ್ತಿದ್ದರು. ರಾಮರಾಯರು ಎದುರು ಫುಟ್‌ಪಾತಿನಲ್ಲಿ ಇತ್ತ ನೋಡದೆ ಹೋಗುತ್ತಿದ್ದರು. ಏನಾಯಿತು ಸಾರ್ ಎಂದರೆ ಶಾಮಣ್ಣನವರು “ಅವನಿಗೆ ಎಣಿಸೋದಕ್ಕೆ ಬರಲ್ಲ” ಎಂದರು. ಅಷ್ಟೇ.

ಶನಿವಾರ ಸಂಜೆ. ಪ್ರಸನ್ನ ಯಾವುದೋ ಗೃಹಪ್ರವೇಶಕ್ಕೆ ತೊಟ್ಟ ಬಿಳೀ ಶರ್ಟು, ಶಾಮಣ್ಣನವರ ಬಿಳೀ ಶರ್ಟು, ಎರಡೂ ಅಕ್ಕಪಕ್ಕ. ಜೇಬಿನದೆಲ್ಲ ಮುಚ್ಚಳದಲ್ಲಿ. ಪ್ರಸನ್ನನ ಬಟ್ಟೆ ಸುತ್ತಲು ಪೇಪರು ತೆಗೆದರೆ ಅದರಲ್ಲಿ ಅವರದೇ ಹಳೇ ವರದಿ, ಬೀದಿನಾಯಿಗಳ ಮೇಲೆ ಬರೆದದ್ದು. ಚೀಟಿ ನನಗೆ ನೆನಪಿತ್ತು: ‘ನಾಯಿ. ಓಡಿದೆ.’ ಪೇಪರಿನಲ್ಲಿ ನಾಯಿಗಳು ‘ವ್ಯೂಹ ರಚಿಸಿ’ ಬಂದಿದ್ದವು. ನಾನು ಜಯಮ್ಮನಿಗೆ ಅಭಿನಯ ಮಾಡಿ ಓದಿ ಹೇಳಿದೆ. ಅವಳು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ನಗುತ್ತಲೇ ಮುಚ್ಚಳದಲ್ಲಿದ್ದ ಚೀಟಿ ಎತ್ತಿ ಜೇಬಿಗೆ ಹಾಕಿದೆ, ಬಟ್ಟೆ ಸುತ್ತಿದೆ, ದಾರ ಕಟ್ಟಿದೆ.

ಸೋಮವಾರ ಬೆಳಗ್ಗೆ ಇನ್ನೂ ಪೆಟ್ಟಿಗೆ ಕಾದಿರಲಿಲ್ಲ, ಪ್ರಸನ್ನ ಮೆಟ್ಟಿಲನ್ನು ಎರಡೆರಡಾಗಿ ಹಾರಿಕೊಂಡು ಬಂದರು. ಕೈಯಲ್ಲಿ ಅವತ್ತಿನ ಪೇಪರು. ತಲೆಬರಹ: ‘ಉದ್ಯಾನದ ಬೆಂಚು ಮಾಯ! ಮೂರು ದಿನವಾದರೂ ತುಟಿ ಬಿಚ್ಚದ ಹೊಣೆಗಾರರು’. ಒಳಗೆ, ಹನ್ನೆರಡು ಬೆಂಚುಗಳಲ್ಲಿ ಈಗ ಹನ್ನೊಂದೇ ಉಳಿದಿವೆ ಎಂದೂ, “ನಾವಾಗಿ ಕೇಳುವುದಿಲ್ಲ, ಅವರೇ ಬರಲಿ” ಎಂದು ಹಿರಿಯ ನಾಗರಿಕರೊಬ್ಬರು ಗುಡುಗಿದ್ದಾರೆಂದೂ ಇತ್ತು.

“ಮುನಿರಾಜಣ್ಣ, ಕೆಲಸ ಹೋಯ್ತು,” ಎಂದರು. “ಪಾರ್ಕ್ ಕಂಟ್ರಾಕ್ಟರ್ ಎಡಿಟರ್‌ಗೆ ಫೋನ್ ಮಾಡಿದಾನೆ. ಒಂದು ಬೆಂಚೂ ಹೋಗಿಲ್ಲ, ಕೇಸ್ ಹಾಕ್ತೀನಿ ಅಂತ. ಮಧ್ಯಾಹ್ನದೊಳಗೆ ಬೆಂಚು ಹೋದ ಜಾಗದ ಫೋಟೋ ತಗೊಂಡ್ ಬಾ, ಇಲ್ಲಾಂದ್ರೆ ಬರ್ಲೇಬೇಡ ಅಂದ್ರು. ಈಗ ಹೋಗಿ ನೋಡ್ಕೊಂಡ್ ಬಂದೆ. ಎಲ್ಲೂ ಖಾಲಿ ಜಾಗಾನೇ ಇಲ್ಲ! ನನ್ನಾಣೆ, ಈ ಸಲ ನಾನು ಕಲ್ಪನೆ ಮಾಡಿಲ್ಲ. ಚೀಟಿಯಲ್ಲಿ ಇದ್ದದ್ದೇ ಬರೆದಿದೀನಿ. ನೋಡಿ ಬೇಕಾದ್ರೆ.”

ಚೀಟಿ ನನ್ನ ಮುಂದೆ ಹಿಡಿದರು.

‘ಪಾರ್ಕು. ಬೆಂಚು ಹನ್ನೊಂದು.
ಹನ್ನೆರಡಂತೆ! ಹಾಗಾದರೆ ಇನ್ನೊಂದು ಎಲ್ಲಿ?
ಮೂರು ದಿನದಿಂದ ಮಾತಿಲ್ಲ.
ನಾನಾಗಿ ಕೇಳುವುದಿಲ್ಲ. ಅವನೇ ಬರಲಿ.’

ಕತ್ತರಿಯಲ್ಲಿ ಚೌಕವಾಗಿ ಕತ್ತರಿಸಿದ ಕಾಗದ. ತಿರುಗಿಸಿದರೆ ಹಿಂದೆ ಕ್ಯಾಲೆಂಡರಿನ ಏಕಾದಶಿ.

ಮೂವತ್ತು ವರ್ಷದ ಸರ್ಟಿಫಿಕೇಟು ಕಣ್ಣೆದುರೇ ಸುಟ್ಟುಹೋಗುತ್ತಿತ್ತು. ಬಾಯಿ ತೆರೆದೆ, ಹೇಳಬೇಕೆಂದೇ ತೆರೆದೆ. ಆದರೆ ಆ ಒಂದು ಕ್ಷಣದಲ್ಲಿ ನೋಡಿ, ನನ್ನ ತಲೆಗೆ ಕಲ್ಪನೆ ನುಗ್ಗಿತು. ಏಳನೇ ಕ್ಲಾಸಿನಲ್ಲಿ ಕಾದು ಕೂತರೂ ಬಾರದೇ ಇದ್ದದ್ದು ಈಗ ಸಾಲುಗಟ್ಟಿ ಬಂತು. ಗಾಳಿ ಬಂದು ಚೀಟಿ ಹಾರಿ ಜೇಬಿಗೆ ಬಿದ್ದಿರಬಹುದು. ಹೊಂಗೆಮರದ ಕಾಗೆ ಕಚ್ಚಿಕೊಂಡು ಹೋಗಿ ಹಾಕಿರಬಹುದು. ಶಾಮಣ್ಣನವರೇ ಗೃಹಪ್ರವೇಶದಲ್ಲಿ ಪ್ರಸನ್ನನನ್ನು ತಬ್ಬಿಕೊಳ್ಳುವಾಗ ಬಿದ್ದಿರಬಹುದು. ಜಯಮ್ಮ ಹಾಕಿರಬಹುದು, ಪಾಪ ಅವಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಅವಳ ಕಣ್ಣು ಚೆನ್ನಾಗಿಯೇ ಇದೆ. ಹೀಗೆ ನಾಲ್ವರು ಅಜ್ಜಿಯರು ನನ್ನೊಳಗೂ ಮೂಗು ಮುಚ್ಚಿಕೊಂಡು ಎದ್ದು ನಿಂತರು. ಪ್ರಸನ್ನ ಹೇಳಿದ್ದು ಸುಳ್ಳಲ್ಲ, ಇದು ಭಯದಿಂದಲೇ ಬರುವುದು.

ಹೇಳಲಿಲ್ಲ. “ನಡೀರಿ ಸಾರ್, ನಾನೂ ಒಂದ್ಸಲ ನೋಡ್ತೀನಿ” ಎಂದೆ. ಗಾಡಿ ಮೇಲೆ ಗೋಣಿತಾಟು ಎಳೆದು ಹೊರಟೆ.

ಪಾರ್ಕಿನಲ್ಲಿ ಸಂತೆ ನೆರೆದಿತ್ತು. ಪೇಪರು ಓದಿದವರೆಲ್ಲ ಬೆಂಚು ಎಣಿಸಲು ಬಂದಿದ್ದರು. ವಾಕಿಂಗ್ ಆಂಟಿಯರು ಒಂದು ಕಡೆಯಿಂದ, ಅಂಕಲ್‌ಗಳು ಇನ್ನೊಂದು ಕಡೆಯಿಂದ. ದಿನಾ ಅದೇ ಬೆಂಚುಗಳ ಮೇಲೆ ಕೂತು ಎದ್ದವರು, ಒಬ್ಬರಿಗೂ ಮೊದಲು ಎಷ್ಟಿದ್ದವು ಎಂದು ಗೊತ್ತಿಲ್ಲ. “ಹೂಂ ರೀ, ನಂಗೆ ಆವತ್ತೇ ಏನೋ ಕಮ್ಮಿ ಆದಂಗ್ ಅನ್ಸಿತ್ತು” ಎಂದು ಒಬ್ಬ ಆಂಟಿ ಹೇಳುತ್ತಿದ್ದರು. ಶಾಮಣ್ಣನವರು ಆ ತುದಿಯಲ್ಲಿ ಬೆರಳು ಮಡಿಸುತ್ತಿದ್ದರು, ರಾಮರಾಯರು ಈ ತುದಿಯಲ್ಲಿ. ಗೇಟಿನ ಹತ್ತಿರ ಕಂಟ್ರಾಕ್ಟರನ ಕಡೆಯ ಸೂಪರ್‌ವೈಸರ್ ಲೋಕೇಶ, ಅದೇ ಪೇಪರು ಸುರುಳಿ ಸುತ್ತಿ ಹಿಡಿದುಕೊಂಡು ಕೂಗಾಡುತ್ತಿದ್ದ. “ಯಾವನ್ರೀ ಅವ್ನು ರಿಪೋರ್ಟರ್ರು? ಬೆಂಚು ಅಂದ್ರೆ ಬಿಸ್ಕತ್ತಾ, ಜೇಬಲ್ಲಿ ಹಾಕ್ಕೊಂಡ್ ಹೋಗಕ್ಕೆ?” ಪ್ರಸನ್ನ ನನ್ನ ಬೆನ್ನ ಹಿಂದೆ ಸರಿದರು. ಜೇಬು ಎಂದ ಕೂಡಲೇ ನಾನೂ ಯಾರದಾದರೂ ಬೆನ್ನ ಹಿಂದೆ ಸರಿಯುತ್ತಿದ್ದೆ, ಯಾರೂ ಇರಲಿಲ್ಲ.

ನಾನು ಬೆಂಚು ಎಣಿಸಲಿಲ್ಲ. ಎಣಿಸುವವರು ಬೇಕಾದಷ್ಟಿದ್ದರು. ಅಪ್ಪನ ಮಗನಾಗಿ ಬಗ್ಗಿ ಗುರುತು ನೋಡಿದೆ. ಕಬ್ಬಿಣದ ಬೆಂಚುಗಳು. ಹಿಂದಿನ ಕಾಲಿನ ಮೇಲೆ, ಪೊದೆಯ ಕಡೆಗೆ, ಯಾವ ಕಾಲದಲ್ಲೋ ಬಿಳೀ ಬಣ್ಣದಲ್ಲಿ ಬರೆದ ಅಂಕಿ. ಒಂದು. ಎರಡು. ಮೂರು. ಪ್ರಸನ್ನ ಹಿಂದಿನಿಂದ “ಏನ್ ಹುಡುಕ್ತಿದೀರಾ ಅಣ್ಣ?” ಎನ್ನುತ್ತಿದ್ದರು. ಏಳು. ಎಂಟು. ಮುಂದಿನ ಬೆಂಚಿನ ಹಿಂದೆ ಬಗ್ಗಿದೆ. ಹತ್ತು.

ಕೊನೆಯ ಬೆಂಚಿನ ಮೇಲೆ ಹನ್ನೆರಡು. ಎಂಟಕ್ಕೂ ಹತ್ತಕ್ಕೂ ನಡುವೆ ಒಂದು ದಾಸವಾಳದ ಗಿಡ. ಗಿಡದ ಬುಡದ ಹುಲ್ಲು ಸರಿಸಿದರೆ ನೆಲದಲ್ಲಿ ನಾಲ್ಕು ತುಕ್ಕು ಹಿಡಿದ ಬೋಲ್ಟು.

“ಲೋಕೇಶಣ್ಣ,” ಎಂದು ಕರೆದೆ. “ಒಂಬತ್ತು ಎಲ್ಲಿ?”

ಅವನು ಬಂದು ಬಗ್ಗಿ ನೋಡಿದ. ಎಂಟು ನೋಡಿದ, ಹತ್ತು ನೋಡಿದ, ಬೋಲ್ಟು ನೋಡಿದ. ಸುತ್ತ ಜನ ಸೇರಿದರು. ಅವನ ಮುಖದಲ್ಲಿ ಭಯ ಕಂಡಿತು. ಈಗ ಬರುತ್ತದೆ ನೋಡು ಎಂದುಕೊಂಡೆ. ಬಂತು. ಕೈಯಲ್ಲಿದ್ದ ಪೇಪರು ಬಿಡಿಸಿ ಒಮ್ಮೆ ಕಣ್ಣಾಡಿಸಿ, “ಅದು... ರಿಪೇರಿಗೆ ಹೋಗಿದೆ” ಎಂದ.

“ಯಾವಾಗ?”

“ಮೂರ್ ದಿನ ಆಯ್ತು.”

ಮೂರು ದಿನದಲ್ಲಿ ದಾಸವಾಳ ಆಳೆತ್ತರ ಬೆಳೆದು ಹೂ ಬಿಟ್ಟಿತ್ತು. ಪ್ರಸನ್ನ ಟಪಟಪ ಫೋಟೋ ಹೊಡೆಯತೊಡಗಿದರು. ಬೋಲ್ಟಿನದು, ಎಂಟರದು, ಹತ್ತರದು, ದಾಸವಾಳದ್ದು, ಲೋಕೇಶನದು. ಎಡಿಟರಿಗೆ ಕಳಿಸಿದರು. ಕೆಲಸ ಉಳಿಯಿತು.

ಅತ್ತ ಶಾಮಣ್ಣನವರೂ ರಾಮರಾಯರೂ ಒಂದೇ ದಾಸವಾಳದ ಎರಡು ಕಡೆ ಬಂದು ನಿಂತಿದ್ದರು.

“ಹನ್ನೊಂದು ಅಂದೆನೋ ಇಲ್ವೋ?” ಎಂದರು ಶಾಮಣ್ಣ, ಗಿಡಕ್ಕೆ ಹೇಳುವ ಹಾಗೆ.

“ಕೊನೇದ್ರ ಮೇಲೆ ಹನ್ನೆರಡು ಅಂತ ಬರೆದಿದೆಯೋ ಇಲ್ವೋ?” ಎಂದರು ರಾಮರಾಯರು, ಅದೇ ಗಿಡಕ್ಕೆ.

“ನೀನು ಎಣಿಸೇ ಇಲ್ವಾ ಹಾಗಾದ್ರೆ? ಕೊನೇ ನಂಬರ್ ನೋಡ್ಕೊಂಡು ಹೇಳ್ಬಿಟ್ಯಾ? ಬ್ಯಾಂಕಲ್ಲೂ ಹೀಗೇ ಮಾಡ್ತಿದ್ಯಾ?”

“ನೀನು ಇಷ್ಟು ವರ್ಷ ಎಣಿಸಿ ಎಣಿಸಿ ಒಂದಿನಾನೂ ಬಗ್ಗಿ ನಂಬರ್ ನೋಡ್ಲಿಲ್ವಾ? ಮಕ್ಕಳಿಗೆ ಏನಯ್ಯಾ ಹೇಳ್ಕೊಟ್ಟೆ?”

ಇಬ್ಬರೂ ಸರಿ ಎಂದು ಗೊತ್ತಾಗಿ ಇಬ್ಬರಿಗೂ ಸ್ವಲ್ಪ ನಿರಾಶೆಯಾದ ಹಾಗಿತ್ತು. ಆದರೆ ಮಾತು ಶುರುವಾಗಿತ್ತಲ್ಲ, ಅದೇ ಸಾಕು. ಇಲ್ಲಿಗೆ ನಾನು ಮೆಲ್ಲಗೆ ಗಾಡಿ ಕಡೆ ಜಾರಬಹುದಿತ್ತು. ಎಲ್ಲ ಸುಸೂತ್ರ. ಯಾರಿಗೂ ಏನೂ ಗೊತ್ತಿಲ್ಲ. ಎರಡು ಹೆಜ್ಜೆ ಇಟ್ಟೂ ಇದ್ದೆ.

ಶಾಮಣ್ಣನವರು ಯಾರದೋ ಕೈಯಿಂದ ಪೇಪರು ಇಸಿದುಕೊಂಡು, ಕನ್ನಡಕ ಏರಿಸಿ ಓದಿದರು. “‘ನಾವಾಗಿ ಕೇಳುವುದಿಲ್ಲ, ಅವರೇ ಬರಲಿ...’ ಏನ್ರೀ ಇದು? ಇದು ನನ್ನ ಮಾತು! ನಾನು ನನ್ ಹೆಂಡ್ತಿ ಹತ್ರಾನೂ ಇದನ್ನ ಆಡಿಲ್ಲ. ಪೇಪರ್‌ಗೆ ಹೇಗೆ ಹೋಯ್ತು?”

ಪ್ರಸನ್ನ ಉತ್ಸಾಹದಲ್ಲಿ ಚೀಟಿ ತೆಗೆದರು. “ನೀವೇ ಬರ್ಕೊಟ್ಟಿದ್ದಲ್ವಾ ಅಂಕಲ್? ಇದು ನನ್ ಜೇಬಲ್ಲಿತ್ತು.”

“ನಿಮ್ ಜೇಬಲ್ಲಿ? ನಾನು ನಿಮ್ಮನ್ನ ಮಾತಾಡಿಸ್ತಿರೋದೇ ಈಗ ಕಣ್ರೀ!”

ಇಬ್ಬರೂ ಚೀಟಿ ನೋಡಿದರು. ಆಮೇಲೆ ಒಬ್ಬರ ಬಿಳೀ ಶರ್ಟನ್ನು ಇನ್ನೊಬ್ಬರು ನೋಡಿದರು. ಆಮೇಲೆ ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

ಕಲ್ಪನೆಗಳು ಮತ್ತೆ ಸಾಲುಗಟ್ಟಿದವು. ಕಾಗೆ ತಯಾರಾಗಿ ನಿಂತಿತ್ತು. “ಗಾಳಿ...” ಎಂದು ಶುರು ಮಾಡಿದೆ. ದಾಸವಾಳದ ಒಂದು ಎಲೆಯೂ ಅಲುಗಾಡುತ್ತಿರಲಿಲ್ಲ. ಅಷ್ಟು ಜನ ನೋಡುತ್ತಿದ್ದಾರೆ. ನನಗೆ ಹಠಾತ್ತನೆ ಆ ಪರೀಕ್ಷೆಯ ಕೋಣೆ, ಪುಟ್ಟಸ್ವಾಮಿಯ ಸಮುದ್ರದ ಎಮ್ಮೆ, ನನ್ನ ಪೆನ್ನಿನ ಕ್ಯಾಪು ಎಲ್ಲ ಕಣ್ಣ ಮುಂದೆ ಬಂದವು.

“ಶನಿವಾರ ನಾನು ಚೀಟೀನ ತಪ್ಪು ಜೇಬಿಗೆ ಹಾಕ್ದೆ ಸಾರ್,” ಎಂದೆ.

ಒಂದೇ ಸಾಲು. ಕೆಳಗೆ ಗೆರೆ ಎಳೆದ ಹಾಗೆ ಸುಮ್ಮನೆ ನಿಂತೆ.

ಶಾಮಣ್ಣನವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ನಲವತ್ತು ವರ್ಷ ಪೇಪರು ತಿದ್ದಿದ ಮುಖ ಅದು. “ಎಷ್ಟು ವರ್ಷ ಆಯ್ತಯ್ಯಾ ನೀನು ಇಸ್ತ್ರಿ ಗಾಡಿ ಇಟ್ಟು?”

“ಮೂವತ್ತು ಸಾರ್.”

“ಇದು ಎಷ್ಟನೇ ತಪ್ಪು?”

“ಮೊದಲ್ನೇದು.”

“ನೂರಕ್ಕೆ ತೊಂಬತ್ತೊಂಬತ್ತು ಕೊಡ್ತೀನಿ.”

“ಪೂರ್ತಿ ಕೊಟ್ಬಿಡಿ ಸಾರ್, ಬೆಂಚು ಹುಡುಕಿದೀನಿ.”

“ತಪ್ಪು ತಪ್ಪೇ. ಲೆಕ್ಕದಲ್ಲಿ ದಾಕ್ಷಿಣ್ಯ ಇಲ್ಲ.” ರಾಮರಾಯರು “ಅವನು ನಂಗೆ ಅರವತ್ತೂ ಕೊಡಲ್ಲ, ನೀನು ತಗೊಂಡ್ ಹೋಗಯ್ಯ” ಎಂದರು.

ಪ್ರಸನ್ನ ನನ್ನನ್ನು ಪಕ್ಕಕ್ಕೆ ಕರೆದರು. ಬೈಯುತ್ತಾರೆ ಎಂದುಕೊಂಡೆ. ಬೈದರೆ ಬೈಸಿಕೊಳ್ಳಬೇಕಾದ್ದೇ. ಅವರು, “ಅಣ್ಣ, ಬೆಳಗ್ಗೆ ಚೀಟಿ ತೋರ್ಸಿದಾಗಲೇ ನಿಮಗೆ ಗೊತ್ತಿತ್ತಾ?” ಎಂದರು.

“ಗೊತ್ತಿತ್ತು ಸಾರ್.”

“ಆಗ ಏನಂತ ಹೇಳ್ಬೇಕು ಅಂತಿದ್ರಿ?”

ಕಾಗೆಯ ವಿಷಯ ಹೇಳಿದೆ. ಪ್ರಸನ್ನ ನಗುತ್ತಾ ಎಂಟನೇ ಬೆಂಚಿನ ಮೇಲೆ ಕುಸಿದು ಕೂತರು. “ಕಾಗೆ! ಅಯ್ಯೋ, ನಂಗೂ ಹೊಳೀತಿರ್ಲಿಲ್ಲ. ಬರುತ್ತೆ ಅಂತ ನಾನು ಹೇಳಿರ್ಲಿಲ್ವಾ? ಇಷ್ಟು ದಿನದಲ್ಲಿ ನಾನು ನೋಡದೇ ಬರೆದಿದ್ರಲ್ಲಿ ನಿಜ ಆಗಿದ್ದು ಇದೊಂದೇ ಕಣಣ್ಣ. ಅದೂ ನಿಮ್ ತಪ್ಪಿಂದ.”

ಎರಡು ದಿನ ಬಿಟ್ಟು ಪೇಪರಿನಲ್ಲಿ ಮತ್ತೆ ಬಂತು: ‘ವರದಿ ಫಲಶ್ರುತಿ: ಎಚ್ಚೆತ್ತ ಗುತ್ತಿಗೆದಾರ, ಬಂತು ಹೊಸ ಬೆಂಚು’. ಅದರಲ್ಲಿ, ‘ಜಾಗೃತ ನಾಗರಿಕ ಮುನಿರಾಜು ಅವರು ಊಟ ನಿದ್ದೆ ಬಿಟ್ಟು ಹುಡುಕಾಟ ನಡೆಸಿದ್ದರು’ ಎಂದಿತ್ತು. ನಾನು ಹುಡುಕಿದ್ದು ಹತ್ತು ನಿಮಿಷ. ಜಯಮ್ಮ ಓದಿಸಿಕೊಂಡು, “ಊಟ ಬಿಟ್ಟಿದ್ದು ಯಾವಾಗ? ಆವತ್ತು ಮುದ್ದೆ ಮೂರು ತಿಂದ್ರಿ” ಎಂದಳು. ಪ್ರಸನ್ನನಿಗೆ ಹೇಳಿದರೆ, “ಅಷ್ಟು ಜಾಗ ಖಾಲಿ ಇತ್ತಣ್ಣ” ಎಂದರು. ಆಣೆ ಪ್ರಮಾಣ ಎಲ್ಲ ಅಲ್ಲಿಗೇ ಮುಗಿದಿತ್ತು.

ಹೊಸ ಬೆಂಚು ಬಂದದ್ದು ಮಾತ್ರ ನಿಜ. ಅವಸರದಲ್ಲಿ ಕಾಲಿನ ಹಿಂದೆ ಬರೆಯಬೇಕಾದ ಅಂಕಿಯನ್ನು ಒರಗುವ ಪಟ್ಟಿಯ ಮೇಲೆ ದಪ್ಪಗೆ ಬರೆದುಬಿಟ್ಟಿದ್ದರು. ಬಣ್ಣ ಒಣಗುವ ಮೊದಲೇ ರಾಮರಾಯರು ‘ಮೊದಲು ನಾನು’ ಎಂದು ಹೋಗಿ ಒರಗಿ ಕೂತರು. ಶರ್ಟು ನನ್ನ ಗಾಡಿಗೆ ಬಂದಾಗ ಬೆನ್ನ ಮೇಲೆ ಒಂಬತ್ತು ತಿರುವುಮುರುವಾಗಿ ಮೂಡಿತ್ತು. ನಿಂಬೆಹಣ್ಣು ಉಜ್ಜಿದೆ, ಸೀಮೆಎಣ್ಣೆ ಹಚ್ಚಿದೆ. ಹೋಗಲಿಲ್ಲ. ಅಪ್ಪನ ಕರಿಗೇರಿನ ಗುರುತಿನ ಹಾಗೆ ಕೂತುಬಿಟ್ಟಿತ್ತು. ರಾಮರಾಯರು “ನೀನೇ ಇಟ್ಕೊಳಯ್ಯ” ಎಂದರು. ಶಾಮಣ್ಣನವರು ಚೀಟಿಯನ್ನೂ ಹಿಂದಕ್ಕೆ ಇಸಿದುಕೊಳ್ಳಲಿಲ್ಲ. ಅದರ ಕೆಳಗೆ ಕೆಂಪು ಇಂಕಿನಲ್ಲಿ ತೊಂಬತ್ತೊಂಬತ್ತು ಎಂದು ಬರೆದು, ಸುತ್ತ ಒಂದು ವೃತ್ತ ಎಳೆದು, ಸಹಿ ಮಾಡಿ ಕೊಟ್ಟರು. ಈಗ ಹೊಸ ಗಿರಾಕಿ ಬಂದರೆ ಬಾಯಿಮಾತಿನಲ್ಲಿ ಹೇಳುವುದಿಲ್ಲ, ಅದನ್ನೇ ತೋರಿಸುತ್ತೇನೆ. ಉಳಿದ ಒಂದು ಮಾರ್ಕು ಎಲ್ಲಿ ಹೋಯಿತು ಎಂದು ಎಲ್ಲರೂ ಕೇಳುತ್ತಾರೆ. ಆಗ ಕತೆ ಹೇಳುತ್ತೇನೆ. ಕಾಗೆ ಒಂದೊಂದು ಸಲ ಬಂದುಹೋಗುತ್ತದೆ.

ಒಟ್ಟಿನಲ್ಲಿ ಈಗ ನನ್ನ ಹತ್ತಿರ ಇರುವುದು ಇಷ್ಟು. ತಳ್ಳುಗಾಡಿ ಒಂದು. ಇಸ್ತ್ರಿ ಪೆಟ್ಟಿಗೆ ಎರಡು, ಗ್ಯಾಸಿನದೊಂದು, ಅಪ್ಪನ ಕಾಲದ ಇದ್ದಿಲಿನದೊಂದು. ಬಟ್ಟೆ ಕೊಡುವ ಮನೆ ನಲವತ್ತಾರು. ಬಿಸ್ಕತ್ ಡಬ್ಬ ಒಂದು, ಅದರೊಳಗೆ ಸಹಿಯಾದ ಚೀಟಿ ಒಂದು. ಬೆನ್ನ ಮೇಲೆ ಒಂಬತ್ತಿರುವ ಶರ್ಟು ಒಂದು. ಹೆಂಡತಿ ಒಬ್ಬಳು, ಕಣ್ಣು ಚೆನ್ನಾಗಿ ಕಾಣುವವಳು. ಪ್ರವಾಸ ಇನ್ನೂ ಸೊನ್ನೆ. ತಪ್ಪು ಜೇಬು, ಒಂದು.